ಬುಟ್ಟಿ ಹೊತ್ತವಳು

ಜಿಲ್ಲಾ ಇತಿಹಾಸ ಸಮಿತಿಯ ಅಧ್ಯಕ್ಷರಿಗೆ,

ನೀವು ಅಚ್ಚು ಹಾಕಿಸಿದ ಜಿಲ್ಲೆಯ ಚರಿತ್ರೆ ನಿನ್ನೆ ಕೈಸೇರಿತು. ಮುಖಪುಟಕ್ಕೆ ನನ್ನ ಅಪ್ಪ ಬರೆದ ಸೇತುವೆಯ ಚಿತ್ರ ಹಾಕಿದ್ದೀರಿ. ಒಳಗೆ, ‘ಜನಪದ ಕಲಾವಿದರಿಗೆ ಅಳತೆಯ ಜ್ಞಾನ ಕಡಿಮೆ, ಆದ್ದರಿಂದ ಚಿತ್ರವನ್ನು ತಿದ್ದಿ ಬಳಸಲಾಗಿದೆ’ ಎಂದಿದ್ದೀರಿ.

ಅಪ್ಪ ನಲವತ್ತು ವರ್ಷ ದರ್ಜಿಯಾಗಿದ್ದರು. ಊರಿನವರ ಹೆಗಲು, ತೋಳು, ಸೊಂಟದ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ನಿಮ್ಮ ಮದುವೆಯ ಕೋಟನ್ನು ಹೊಲಿದದ್ದೂ ಅವರೇ. ತೋಳು ಗಿಡ್ಡವಾಗಿತ್ತೇ?

ಬಟ್ಟೆಯ ಅಳತೆ ಗುರುತು ಹಾಕುವ ಕಂದು ಕಾಗದದ ಮೇಲೇ ಅವರು ಚಿತ್ರ ಬರೆಯುತ್ತಿದ್ದರು. ಯಾರು ಎಷ್ಟು ಭಾರ ಹೊತ್ತರೋ ಅವರನ್ನು ಅಷ್ಟು ದೊಡ್ಡದಾಗಿ ಬರೆಯುವುದು ಅವರ ಕ್ರಮ. ಅದಕ್ಕೇ ಸೇತುವೆ ಕಟ್ಟಲು ಕಲ್ಲು ಹೊತ್ತ ಹೆಂಗಸರು ಅದರ ಕಂಬದಷ್ಟು ಎತ್ತರವಿದ್ದರು, ರಿಬ್ಬನ್ ಕತ್ತರಿಸಿದ ಅಧಿಕಾರಿ ಹೆಬ್ಬೆರಳಷ್ಟಿದ್ದರು. ನೀವು ಆ ಅಧಿಕಾರಿಯನ್ನು ಹಿಗ್ಗಿಸಿ ನಡುವೆ ನಿಲ್ಲಿಸಿ, ಹೆಂಗಸರನ್ನು ಕತ್ತರಿಸಿ ಹಾಕಿದ್ದೀರಿ. ಎಡತುದಿಯಲ್ಲಿ ಒಂದು ಬುಟ್ಟಿ, ಅದನ್ನು ಹಿಡಿದ ಕೈ ಮಾತ್ರ ಉಳಿದಿವೆ.

ಅದು ನನ್ನ ಅಮ್ಮನ ಕೈ. ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಬುಟ್ಟಿ ಬಂದಿದೆಯಲ್ಲೋ, ಹೊತ್ತೋಳು ಎಲ್ಲಿ?” ಎಂದರು. “ಒಳಗೆಲ್ಲೋ ಹಾಕಿರ್ತಾರೆ ಬಿಡು” ಎಂದು ಅವರೇ ಸಮಾಧಾನ ಹೇಳಿ, ಬೆಳಗಿನಿಂದ ಒಂದೊಂದೇ ಪುಟ ತಿರುವುತ್ತಿದ್ದಾರೆ.

ನಮ್ಮಿಂದ ಒಯ್ದ ಮೂಲ ಚಿತ್ರವನ್ನು ಮಡಿಸದೆ, ಸುರುಳಿ ಸುತ್ತಿ, ಈ ವಾರವೇ ಹಿಂದಿರುಗಿಸಿ. ಅಂಚೆಗೆ ಹಾಕಬೇಡಿ, ನೀವೇ ಹೊತ್ತು ತನ್ನಿ. ಅಮ್ಮ ಕೇಳಿದ್ದಕ್ಕೆ ಉತ್ತರವನ್ನೂ ನೀವೇ ಹೇಳುವಿರಂತೆ.

ಇತಿ,
ದರ್ಜಿಯ ಮಗ