ಗೋಡೆಗೆ ಹೇಳಿದ ಕಾಯಿಲೆ

ಕೌಲಾಲಂಪುರ, ಮಲೇಷ್ಯಾ
ಬುಧವಾರ, 12 ನವೆಂಬರ್ 2025

ಗುಬ್ಬಿಯಲ್ಲಿ ನನ್ನ ಮನೆಯನ್ನೂ ನನ್ನ ಎಮ್ಮೆಯನ್ನೂ ನೋಡಿಕೊಂಡಿರುವ ಮಗಳು ಮಾಲಿನಿಗೆ, ನಿನ್ನ ಅಮ್ಮ ಆಸ್ಪತ್ರೆ ಮಂಚದ ಮೇಲೆ ಕೂತು ಮಾಡುವ ಆಶೀರ್ವಾದ. ಮೊಮ್ಮಗಳು ಕೃತಿಕಾಗೆ ಅಜ್ಜಿಯ ಮುತ್ತು.

ಕವರು ಒಡೆದ ಕೂಡಲೇ ಅಕ್ಷರ ನೋಡಿ ಮಡಚಿ ಇಡಬೇಡ. ಅಕ್ಷರ ನಿನ್ನ ಗಂಡನದು, ಮಾತು ನನ್ನದು. ನನ್ನ ಬಲಗೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದ್ದಾರೆ. ಕೈ ನೆಟ್ಟಗಿದ್ದಿದ್ದರೂ ಅಷ್ಟೇ. ಹಾಗಲವಾಡಿ ಸ್ಕೂಲಿನಲ್ಲಿ ಮೂರನೇ ಕ್ಲಾಸಿನ ತನಕ ಓದಿದವಳ ಅಕ್ಷರ ಹೇಗಿರುತ್ತದೆ ಅಂತ ನಿನಗೆ ಗೊತ್ತು, ಒರಳಿನಿಂದ ಬಿದ್ದ ಚಕ್ಕುಲಿ ಥರ. ವಾಣಿಶ್ರೀ ತಾನು ಬರೆದುಕೊಡುತ್ತೇನೆ ಅಂದಳು. ಅವಳು ತುಮಕೂರಿನ ಸತ್ಯಮಂಗಲದ ಹತ್ತಿರ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಗೋವಿಂದರಾಜು ಹೆಂಡತಿ, ನಮ್ಮ ಜೊತೆ ಟೂರಿಗೆ ಬಂದವಳು. ನಾನು ಒಂದು ಮಾತು ಹೇಳಿದರೆ ಅವಳು ಒಗ್ಗರಣೆ ಹಾಕಿ ನಾಲ್ಕು ಬರೆಯುತ್ತಾಳೆ. ಬೇಡ ಅಂದೆ. ನಿನ್ನ ಗಂಡನಿಗೆ ಒಗ್ಗರಣೆ ಹಾಕಲು ಬರುವುದಿಲ್ಲ. ನಾಳೆ ಟೂರಿನವರೆಲ್ಲ ಊರಿಗೆ ಹೊರಡುತ್ತಾರೆ, ವಾಣಿಶ್ರೀ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಕವರಿಗೆ ಎರಡು ಸಲ ಗೋಂದು ಹಚ್ಚಿಸುತ್ತೇನೆ. ಒಡೆದು ಅಂಟಿಸಿದ ಹಾಗೆ ಕಂಡರೆ ನನಗೆ ಹೇಳು, ಬಂದ ಮೇಲೆ ವಿಚಾರಿಸಿಕೊಳ್ಳುತ್ತೇನೆ.

ಫೋನು ಇಲ್ಲವಾ ಅನ್ನುತ್ತೀಯ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಹಿಂದಿನಿಂದ ನಿನ್ನ ಗಂಡನ ದನಿ ಕೇಳಿಸಿದರೆ ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲು ಆಗುವುದಿಲ್ಲ. ಕೃತಿಕಾ ಮಲಗಿದ ಮೇಲೆ ಕೂತು ಓದು.

ಮೊದಲು ನನ್ನ ವಿಷಯ. ಗಟ್ಟಿಯಾಗಿದ್ದೇನೆ. ಕಿಡ್ನಿಗೆ ಸೋಂಕು ಹತ್ತಿತ್ತು, ಇಳಿದಿದೆ. ಸೋಮವಾರದ ತನಕ ವಿಮಾನ ಹತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ಇಷ್ಟನ್ನು ನಿನಗೆ ಫೋನಿನಲ್ಲಿ ಹೇಳಿದ್ದಾಗಿದೆ. ಹೇಳದೇ ಬಿಟ್ಟದ್ದು ಏನಂದರೆ, ಆ ಸೋಂಕು ಎಲ್ಲಿಂದಲೋ ಬಂದದ್ದಲ್ಲ, ನಾನೇ ಬರಮಾಡಿಕೊಂಡದ್ದು.

ಅಂಗಡಿಯಲ್ಲಿ ಮಾಲು ಚೆನ್ನಾಗಿ ಹೋಯಿತು ಅಂತ ಪೈಪಿನ ಕಂಪನಿಯವರು ನಿನ್ನ ಗಂಡನಿಗೆ ಇಬ್ಬರ ಟೂರು ಕೊಟ್ಟಾಗ ನೀನು ಬರುವುದಿಲ್ಲ ಅಂದೆ. ಆಗ ನಾನು ಹೋಗುತ್ತೇನೆ ಅಂತ ಎದ್ದು ನಿಂತೆ. ಪಶುಪತಿನಾಥನಿಗೆ ಹೋಗಲು ಪಾಸ್‌ಪೋರ್ಟ್ ಬೇಕು ಅಂತ ಯಾರೋ ಹೇಳಿದ್ದು ಕೇಳಿ ಮಾಡಿಸಿಟ್ಟದ್ದು ಪೆಟ್ಟಿಗೆಯಲ್ಲಿ ಹಾಗೇ ಇತ್ತು, ಅದು ವ್ಯರ್ಥ ಆಗದಿರಲಿ ಅಂತ ಮುದುಕಿ ಹೊರಟಿತು ಅಂದುಕೊಂಡೆ ನೀನು. ಅಲ್ಲ ಕಣೇ. ನನಗೆ ನಿನ್ನ ಗಂಡನನ್ನು ಅವರ ಊರು ಕುಣಿಗಲ್ಲಿನ ಆಚೆ ಒಂದು ಸಲ ನೋಡಬೇಕಿತ್ತು. ಅವರ ಅಪ್ಪನ ನೆರಳಿಲ್ಲದ ಕಡೆ ಇವರ ನೆರಳು ಎಷ್ಟುದ್ದ ಬೀಳುತ್ತದೆ ಅಂತ ಅಳೆದು, ಆಮೇಲೆ ನಿನ್ನನ್ನು ಅವರ ಮನೆಗೆ ಕಳಿಸುವುದೋ ಬೇಡವೋ ಅಂತ ತೀರ್ಮಾನ ಮಾಡಬೇಕಿತ್ತು. (ಅಳಿಯಂದಿರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬರೀರಿ ಅಂದೆ. ಬರೆಯುತ್ತಿದ್ದಾರೆ.)

ಗೌರಿ ಹಬ್ಬದ ದಿನವನ್ನು ನಾನು ಮರೆತಿಲ್ಲ. ನೀನು ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದೆ. ನಿನ್ನ ಮಾವ ಅಡವಿಯಪ್ಪನವರು ಬೆತ್ತದ ಕುರ್ಚಿಯಲ್ಲಿ ಕೂತು, ಹೆಂಗಸರ ಹೊಟ್ಟೆನೋವು ಕಷಾಯಕ್ಕೆ ಹೋಗುತ್ತದೆ, ಹಬ್ಬ ಮುಗಿಯಲಿ ಅಂದರು. ನಿನ್ನ ಗಂಡ ಕಂಬ ಹಿಡಿದು ನಿಂತಿದ್ದರು. ನೀನು ನನಗೆ ಫೋನ್ ಮಾಡಿ, ನಾನು ರಾಮಾಂಜಿನಯ್ಯನ ಬಾಡಿಗೆ ಕಾರು ಹಿಡಿದು ಗುಬ್ಬಿಯಿಂದ ಕುಣಿಗಲ್ಲಿಗೆ ಬಂದು, ನಿನ್ನನ್ನು ತುಮಕೂರಿಗೆ ಹಾಕಿಕೊಂಡು ಹೋಗುವ ಹೊತ್ತಿಗೆ ಅಪೆಂಡಿಕ್ಸ್ ಒಡೆದಿತ್ತು. ಇವರು ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಂದರು. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಆಸ್ಪತ್ರೆಯಿಂದ ನೀನು ಸೀದಾ ಗುಬ್ಬಿಗೆ ಬಂದೆ. ನಾನೇನೂ ಬೇಡ ಅನ್ನಲಿಲ್ಲ.

ಸರಿ, ಟೂರಿನ ವಿಷಯಕ್ಕೆ ಬರುತ್ತೇನೆ. ಅತ್ತೆ ಅಳಿಯ ಹೊರಟೆವು. ನಮ್ಮಲ್ಲಿ ನಡೆದುಬಂದ ಪದ್ಧತಿ ನಿನಗೆ ಗೊತ್ತಲ್ಲ. ನನ್ನ ಅಮ್ಮ ನಿನ್ನ ಅಪ್ಪನ ಎದುರು ಕೂರುತ್ತಿರಲಿಲ್ಲ, ನೇರವಾಗಿ ಮಾತಾಡುತ್ತಿರಲಿಲ್ಲ. ಇನ್ನೊಂದು ಮುದ್ದೆ ಬೇಕಾ ಅಂತ ಕಂಬವನ್ನು ಕೇಳುತ್ತಿದ್ದಳು, ನಿನ್ನ ಅಪ್ಪ ಸಾಕು ಅಂತ ಕಂಬಕ್ಕೆ ಹೇಳುತ್ತಿದ್ದರು. ನಾನೂ ಹಾಗೆಯೇ ನಡೆಸಿಕೊಂಡು ಬಂದೆ. ನಿನ್ನ ಮದುವೆಯಾದಾಗಿನಿಂದ ಇವರ ಹತ್ತಿರ ಆಡಿದ ಮಾತೆಲ್ಲ ಕಂಬಕ್ಕೆ, ಬೆಕ್ಕಿಗೆ, ಈಚೆಗೆ ಕೃತಿಕಾಗೆ. ವಿಮಾನದಲ್ಲಿ ಕಂಬ ಎಲ್ಲಿಂದ ತರಲಿ?

ನನಗೆ ಕಿಟಕಿ ಪಕ್ಕದ ಸೀಟು ಕೊಟ್ಟಿದ್ದರು. ಕಕ್ಕಸಿಗೆ ಹೋಗಬೇಕಾದರೆ ಅಳಿಯಂದಿರನ್ನು ಎಬ್ಬಿಸಿ ದಾಟಬೇಕು. ಎಲ್ಲಿಗೆ ಅಂತ ಅವರಿಗೆ ಗೊತ್ತಾಗುತ್ತದೆ. ಅದಕ್ಕೆ ಜ್ಯೂಸು ಬೇಡ, ಕಾಫಿ ಬೇಡ, ನೀರೂ ಬೇಡ ಅಂದೆ. ಇಲ್ಲಿಗೆ ಬಂದ ಮೇಲೆ ದಿನಾ ಬಸ್ಸು. ಗೈಡು ನಿಲ್ಲಿಸಿದ ಕಡೆ ಗಂಡಸರೆಲ್ಲ ಬಾಗಿಲ ಹತ್ತಿರ ನಿಂತಿರುತ್ತಾರೆ, ಇವರೂ ನಿಂತಿರುತ್ತಾರೆ, ಅವರ ಮುಂದೆ ಇಳಿದು ಹೇಗೆ ಹೋಗಲಿ? ವಾಣಿಶ್ರೀಯನ್ನು ಕರೆಯಬಹುದಿತ್ತು. ಕರೆದರೆ ಅವಳು ಇಡೀ ಬಸ್ಸಿಗೆ ಕೇಳುವ ಹಾಗೆ, ಅಮ್ಮೋರಿಗೆ ಅರ್ಜೆಂಟಂತೆ ಅನ್ನುತ್ತಾಳೆ. ಇವರು ಬೆಳಿಗ್ಗೆ ಬೆಳಿಗ್ಗೆ ಒಂದು ಬಾಟಲಿ ನೀರು ತಂದು ನನ್ನ ರೂಮಿನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ನಾನು ಅದನ್ನು ಹಾಗೆಯೇ ಬ್ಯಾಗಿಗೆ ಹಾಕುತ್ತಿದ್ದೆ. ಇಲ್ಲಿನ ಸೆಕೆ ಹೇಗಿದೆ ಗೊತ್ತಾ, ಒಲೆ ಮೇಲಿನ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಆದರೂ ಗಂಟಲಿಗೆ ಬೀಗ ಹಾಕಿಕೊಂಡೇ ಇದ್ದೆ.

ಉರಿ ಶುರುವಾಯಿತು. ಸುಮ್ಮನಿದ್ದೆ. ಸೊಂಟದ ಹಿಂದೆ ನೋವು ಬಂತು. ಸುಮ್ಮನಿದ್ದೆ. ಮೊನ್ನೆ ಸೋಮವಾರ ಎಲ್ಲರೂ ಬೆಟ್ಟದ ಮೇಲೆ ತಂತಿಯಲ್ಲಿ ಓಡುವ ಪೆಟ್ಟಿಗೆ ನೋಡಲು ಹೊರಟಾಗ ನನಗೆ ಚಳಿ ಹಿಡಿದು ಹಲ್ಲು ಕಟಕಟ ಅನ್ನುತ್ತಿತ್ತು. ಹೋಟೆಲ್ಲಿನ ಬಾಗಿಲಲ್ಲಿ ಕುಸಿದು ಕೂತೆ. ಉಳಿದವರ ಬಸ್ಸು ಹೊರಟಿತ್ತು. ಇವರು ಒಂದು ಕ್ಷಣವೂ ಯೋಚಿಸದೆ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಟ್ಯಾಕ್ಸಿಗೆ ಹಾಕಿದರು. ನನ್ನ ಭಾರ ನಿನಗೆ ಗೊತ್ತು. ಅಷ್ಟು ಜ್ವರದಲ್ಲೂ ನನಗೆ ಸಂಕೋಚ, ಸೆರಗು ಹುಡುಕುತ್ತಿದ್ದೆ.

ಆಸ್ಪತ್ರೆ ದೊಡ್ಡದು, ನೆಲ ಕನ್ನಡಿ ಥರ. ಕೌಂಟರಿನ ಹುಡುಗಿ ಮೊದಲು ಇನ್ಶೂರೆನ್ಸಿನವರು ಒಪ್ಪಿಗೆ ಕಳಿಸಲಿ, ಅಲ್ಲಿ ತನಕ ಕೂತಿರಿ ಅಂದಳಂತೆ. ನಾನು ತಳ್ಳುವ ಕುರ್ಚಿಯಲ್ಲಿ ತಲೆ ವಾಲಿಸಿಕೊಂಡು ಕೂತಿದ್ದೆ. ಆಗ ನಿನ್ನ ಗಂಡನ ದನಿ ಕೇಳಿಸಿತು ನೋಡು. ಯಾರದೋ ಅಂದುಕೊಂಡೆ. ಅಂಗಡಿ ಇಂಗ್ಲಿಷು, ಅರ್ಧ ತಮಿಳು, ಮಧ್ಯೆ ಕನ್ನಡ. ಒಪ್ಪಿಗೆ ಬರುವ ತನಕ ತಾನು ಇಲ್ಲೇ ನಿಂತಿರುತ್ತೇನೆ, ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಇವರನ್ನು ಮಾತ್ರ ಈಗಲೇ ಒಳಗೆ ಕರೆದುಕೊಳ್ಳಿ ಅಂತ ಮೇಜು ಗುದ್ದಿದರು. ಸೂಟು ಹಾಕಿದ ಇಬ್ಬರು ಬಂದರು. ಅವರಿಗೂ ಅದನ್ನೇ ಹೇಳಿದರು. ನನ್ನನ್ನು ಒಳಗೆ ಕರೆದುಕೊಂಡರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಚೀನಾದವರ ಥರ ಮುಖ, ಕೈ ತಣ್ಣಗೆ. ಏನು ತೊಂದರೆ ಅಂತ ಕೇಳಿದಳು. ಅವಳ ಮಾತು ನನಗೆ ಬರದು, ನನ್ನ ಮಾತು ಅವಳಿಗೆ ಬರದು, ನಡುವೆ ನಿಂತವರು ಅಳಿಯಂದಿರು. ಅವರ ಬಾಯಲ್ಲಿ ನನ್ನ ಉರಿಮೂತ್ರದ ಸುದ್ದಿ ಹೇಗೆ ಹೇಳಿಸಲಿ? ತಲೆನೋವು ಅಂದೆ. ಸೊಳ್ಳೆ ಜ್ವರ ಇರಬಹುದು ಅಂತ ಅವಳು ರಕ್ತ ತೆಗೆದಳು. ಬೆನ್ನು ತಟ್ಟಿದಾಗ ಪ್ರಾಣ ಹೋದ ಹಾಗಾಯಿತು, ಏನಿಲ್ಲ ಅಂತ ತಲೆ ಆಡಿಸಿದೆ. ಮತ್ತೆ ಕೇಳಿದಳು. ಮತ್ತೆ ತಲೆನೋವು ಅಂದೆ. ಆ ಡಾಕ್ಟರು ಹುಡುಗಿ ತಲೆಗೇ ಔಷಧಿ ಕೊಟ್ಟುಬಿಡಬೇಕು, ಅಂಥ ಹಟ ನನ್ನದು.

ಇವರು ನನ್ನ ಹೊದಿಕೆಗೆಂದು ಬ್ಯಾಗು ಬಿಚ್ಚಿದರು. ಒಳಗೆ ನೀರಿನ ಬಾಟಲಿಗಳು, ಒಂದರ ಮುಚ್ಚಳವೂ ಒಡೆದಿರಲಿಲ್ಲ. ಅದನ್ನು ನೋಡಿದರು, ನನ್ನನ್ನು ನೋಡಿದರು. ಪೈಪು ಮಾರುವವರಿಗೆ ನೀರು ಎಲ್ಲಿ ನಿಂತಿದೆ ಅಂತ ಬೇಗ ಹೊಳೆಯುತ್ತದೆ ಅಂತ ಕಾಣುತ್ತದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಮೆಲ್ಲಗೆ ಹೇಳಿದರು:

"ಅತ್ತೆ, ನೀವು ನನಗೆ ಹೇಳ್ಬೇಡಿ. ನಾನು ಕಿಟಕಿ ಕಡೆ ತಿರುಗಿ ನಿಂತ್ಕೋತೀನಿ. ನೀವು ಆ ಗೋಡೆಗೆ ಹೇಳಿ. ಗೋಡೆ ಹೇಳಿದ್ದನ್ನ ನಾನು ಡಾಕ್ಟರಿಗೆ ಹೇಳ್ತೀನಿ."

ತಿರುಗಿ ನಿಂತೇ ಬಿಟ್ಟರು. ನನ್ನ ಕಣ್ಣು ತುಂಬಿತು, ಅದು ಜ್ವರಕ್ಕೆ. ಬಿಳೀ ಗೋಡೆ ಕಡೆ ಮುಖ ಮಾಡಿದೆ.

"ಗೋಡೆಯಪ್ಪಾ, ಕೇಳಿಸ್ಕೊ. ಉರಿಮೂತ್ರ. ನೆನ್ನೆಯಿಂದ ಕೆಂಪಗೆ ಹೋಗ್ತೈತೆ. ಸೊಂಟದ ಹಿಂದೆ ಗುದ್ದಲಿಲಿ ಅಗೆದಂಗೈತೆ. ಊರು ಬಿಟ್ಟಾಗಿಂದ ನೆಟ್ಟಗೆ ನೀರು ಕುಡಿದಿಲ್ಲ. ಸಾಕಾ?"

ಸಾಕು ಅಂತ ಕಿಟಕಿ ಕಡೆಯಿಂದ ದನಿ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಹೋಯಿತು. ಗೋಡೆ ಜೊತೆ ಮಾತಾಡುವ ಮುದುಕಿಯನ್ನು ನೋಡಿ ಜ್ವರ ನೆತ್ತಿಗೇರಿದೆ ಅಂತ ಡಾಕ್ಟರು ಗಾಬರಿಯಾಗಿದ್ದವಳು, ಇವರ ಮಾತು ಕೇಳಿ ನನ್ನ ಕೈ ಹಿಡಿದುಕೊಂಡಳು. ಪರೀಕ್ಷೆಯೆಲ್ಲ ಬೇರೆ ದಾರಿ ಹಿಡಿಯಿತು. ಇನ್ನೊಂದು ದಿನ ಬಿಟ್ಟಿದ್ದರೆ ವಿಷ ರಕ್ತಕ್ಕೆ ಸೇರುತ್ತಿತ್ತು ಅಂದಳಂತೆ. ಗೌರಿ ಹಬ್ಬದಲ್ಲಿ ನಿನ್ನ ವಿಷಯವಾಗಿ ತುಮಕೂರಿನ ಡಾಕ್ಟರು ಅಂದದ್ದೂ ಇದನ್ನೇ. ಬಾಯಿ ಮುಚ್ಚಿಕೊಂಡಿದ್ದರಿಂದ ಆವತ್ತು ನೀನು ಹೋಗುತ್ತಿದ್ದೆ, ಈ ಸಲ ನಾನು. ಆವತ್ತು ಮುಚ್ಚಿದ್ದು ಇವರ ಬಾಯಿ, ಈ ಸಲ ನನ್ನದು.

ಆ ಗೋಡೆಯ ಕೆಲಸ ಅಲ್ಲಿಗೇ ಮುಗಿಯಿತು. ಮಾರನೆಯ ದಿನ ಇವರು ನೀರಿನ ಲೋಟ ಹಿಡಿದು ನಿಂತಾಗ, "ಅಲ್ಲಿಡಿ, ಕುಡೀತೀನಿ" ಅಂತ ನೇರವಾಗಿ ಮುಖ ನೋಡಿ ಅಂದೆ. ಇಬ್ಬರಿಗೂ ಏನೂ ಆಗಲಿಲ್ಲ, ಆಸ್ಪತ್ರೆ ಸೂರೂ ಬೀಳಲಿಲ್ಲ. ಈಗ ಲೋಟ ಬರಿದಾದ ಹಾಗೆ ತುಂಬಿಸುತ್ತಿದ್ದಾರೆ. ಇಲ್ಲಿನ ಗಂಜಿಗೆ ಉಪ್ಪಿಲ್ಲ ಅಂದರೆ ಕೆಳಗೆ ಹೋಗಿ ತಮಿಳರ ಅಂಗಡಿಯಿಂದ ಉಪ್ಪಿನಕಾಯಿ ತಂದು, ಡಾಕ್ಟರನ್ನು ಕೇಳಿ, ಬೇಡ ಅಂದಿದ್ದಕ್ಕೆ ವಾಪಸ್ ಇಟ್ಟರು. ಕೇಳದೆ ಕೊಡಬಹುದಿತ್ತು.

ಇವತ್ತು ಬೆಳಿಗ್ಗೆ ಅಡವಿಯಪ್ಪನವರ ಫೋನು ಬಂತು. ಅವರು ಫೋನಿನಲ್ಲಿ ಮಾತಾಡುವುದು ಕೆರೆಯ ಆ ದಡದವರನ್ನು ಕೂಗಿದ ಹಾಗೆ, ನನಗೆ ಪೂರ್ತಿ ಕೇಳಿಸಿತು. ಅಂಗಡಿಗೆ ಪೈಪಿನ ಲೋಡು ಬರುತ್ತದೆ, ನಾಳೆ ಎಲ್ಲರ ಜೊತೆ ಹೊರಟು ಬಾ, ನಿನ್ನ ಅತ್ತೆ ಹತ್ತಿರ ಯಾರಾದರೂ ಹೆಂಗಸರು ಉಳಿದುಕೊಳ್ಳಲಿ ಅಂದರು. ಇವರು ಹೂಂ ಅಂದರು. ಇನ್ನೊಂದು ಸಲ ಹೂಂ ಅಂದರು. ಫೋನು ಹಿಡಿದು ಆಚೆ ಕಾರಿಡಾರಿಗೆ ಹೋದರು. ಬಂದಾಗ ಕಿವಿ ಕೆಂಪಾಗಿತ್ತು. ಏನು ಹೇಳಿ ಬಂದರೋ ನಾನು ಕೇಳಲಿಲ್ಲ. ಈಗ ಬರೆಸುತ್ತಿದ್ದೇನೆ, ಆದರೂ ಹೇಳುತ್ತಿಲ್ಲ.

ಇನ್ನು ನೀನು ಕಾಯುತ್ತಿರುವ ಮಾತು. ಕುಣಿಗಲ್ಲಿಗೆ ವಾಪಸ್ ಹೋಗಬೇಕಾ? ಈಗಲೇ ಹೋಗಬೇಡ. ಇವರಿಗೆ ಬಾಯಿ ಇದೆ ಅಂತ ಗೊತ್ತಾಯಿತು, ಕಣ್ಣೂ ಇದೆ. ಅದು ನನ್ನ ಸಂತೋಷಕ್ಕೆ ಆಯಿತು, ನಿನ್ನ ಸಂಸಾರಕ್ಕೆ ಸಾಲದು. ಸಮುದ್ರದ ಈಚೆ ಬಂದು ಗುರುತಿಲ್ಲದವರ ಮೇಜು ಗುದ್ದುವುದು ಬೇರೆ. ಕುಣಿಗಲ್ ಮನೆಯ ಪಡಸಾಲೆಯಲ್ಲಿ, ಆ ಬೆತ್ತದ ಕುರ್ಚಿಯ ಮುಂದೆ ಕಂಬ ಬಿಟ್ಟು ನಿಂತು, ಆವತ್ತು ನೀವು ತಡೆದದ್ದು ತಪ್ಪು, ನಾನು ಸುಮ್ಮನಿದ್ದದ್ದು ಅದಕ್ಕಿಂತ ತಪ್ಪು, ಇನ್ನು ಮೇಲೆ ಮಾಲಿನಿಗೆ ಏನಾದರೂ ಆದರೆ ನಾನು ಯಾರನ್ನೂ ಕೇಳುವುದಿಲ್ಲ ಅಂತ ಹೇಳಬೇಕು. ನೀನು ಅದನ್ನು ಕಿವಿಯಾರೆ ಕೇಳಬೇಕು. ಅಲ್ಲಿ ತನಕ ನನ್ನ ಮನೆಯಲ್ಲಿ ನಿನಗೆ ಮುದ್ದೆಗೂ ಜಾಗಕ್ಕೂ ಬರವಿಲ್ಲ. ಕೇಳಿದ ಮೇಲೆ ಹೋಗುವುದು ಬಿಡುವುದು ನಿನ್ನಿಷ್ಟ, ನಾನು ತಳ್ಳುವುದೂ ಇಲ್ಲ, ತಡೆಯುವುದೂ ಇಲ್ಲ.

ಇಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ನಾನು ಅವಸರ ಮಾಡಲಿಲ್ಲ, ನೀರು ಕುಡಿಯುತ್ತಾ ಕೂತೆ. ಆಮೇಲೆ ಒಂದಕ್ಷರ ಬಿಡದೆ ಬರೆದರು, ಓದಿಯೂ ಹೇಳಿದರು.

ಎಮ್ಮೆಗೆ ಹಿಂಡಿ ನೆನೆಸುವುದು ಮರೆಯಬೇಡ. ಕೃತಿಕಾಗೆ ಮೊಬೈಲ್ ಕೊಟ್ಟು ಊಟ ಮಾಡಿಸಬೇಡ. ಮತ್ತೆ, ನೀರು ಕುಡಿ. ಯಾರಿದ್ದರೂ ಕುಡಿ.

ಹೆಸರನ್ನು ಮಾತ್ರ ಎಡಗೈಯಲ್ಲಿ ನಾನೇ ಬರೆಯುತ್ತಿದ್ದೇನೆ, ನಗಬೇಡ.

ನಿನ್ನ ಅಮ್ಮ,
ಸರ್ವಮಂಗಳ

ವಿ.ಸೂ.: ಮಾಲಿನಿ, ಅತ್ತೆಗೆ ನಿದ್ದೆ ಬಂದಿದೆ. ಇದು ನಾನು. ಕಾರಿಡಾರಿನಲ್ಲಿ ಅಪ್ಪನಿಗೆ ಬರುವುದಿಲ್ಲ ಅಂದೆ. ಯಾಕೆ ಅಂತ ಕೇಳಿದರು. ಗೌರಿ ಹಬ್ಬದ ದಿನ ಹೇಳಬೇಕಾಗಿದ್ದನ್ನೂ ಸೇರಿಸಿ ಹೇಳಿದೆ. ಫೋನ್ ಇಟ್ಟುಬಿಟ್ಟರು, ಆಮೇಲೆ ಎತ್ತುತ್ತಿಲ್ಲ. ಆದರೆ ಅತ್ತೆ ಹೇಳುವುದು ಸರಿ. ಫೋನೂ ಒಂದು ಗೋಡೆಯೇ. ಸೋಮವಾರ ಅತ್ತೆಯನ್ನು ಗುಬ್ಬಿಗೆ ಬಿಟ್ಟು, ಅಲ್ಲಿಂದ ಸೀದಾ ಕುಣಿಗಲ್ ಮನೆಗೆ ಹೋಗುತ್ತೇನೆ. ಕೇಳಬೇಕು ಅನ್ನಿಸಿದರೆ ಜೊತೆಗೆ ಬಾ.

ಇನ್ನೊಂದು. ಅಳಿಯ ಒಳ್ಳೆಯವನು ಅಂತ ಅತ್ತೆ ಎಲ್ಲಾದರೂ ಹೇಳಿದ್ದಾರಾ ಅಂತ ಮೊದಲಿಂದ ಎರಡು ಸಲ ಓದಿದೆ. ಎಲ್ಲೂ ಇಲ್ಲ. ನಾನೂ ಸೇರಿಸಿಲ್ಲ.

ರೇಣುಕಾಪ್ರಸಾದ್