ಹೆಲ್ಮೆಟ್ಟಿನ ಹಿಂದೆ ಬರೆದಿದ್ದ ಮಾತು

ದೋಸ್ತ ಈರಪ್ಪಾ,

ನೀನು ಹೋಗಿ ವರ್ಷ ದಾಟಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತಾರೆ. ನಾನು ಪಟ್ಟೆ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನೆನಪಿದೆಯಾ, ನಿನ್ನ ಮಗಳು ಸವಿತಾ ಕೊಲ್ಹಾಪುರದಿಂದ ಆ ನೀಲಿ ಹೆಲ್ಮೆಟ್ ತಂದದ್ದು? ಡಾಕ್ಟರು ಹೇಳಿದ್ದಕ್ಕೆ ಇಬ್ಬರೂ ಮುಂಜಾನೆ ಇಚಲಕರಂಜಿಯಿಂದ ಯಡ್ರಾವದವರೆಗೆ ಸೈಕಲ್ ತುಳಿಯುತ್ತಿದ್ದೆವು. ಅದರ ಹಿಂಬದಿಗೆ ಅವಳು ಬಿಳಿ ಮಾರ್ಕರಿನಿಂದ ‘ಅಪ್ಪಾ, ಸಾವಕಾಶ’ ಎಂದು ಬರೆದಿದ್ದಳು. ನೀನು ಬೇಕೆಂದೇ ನನ್ನ ಮುಂದೆ ಹೋಗುತ್ತಿದ್ದೆ. ದಿನಾ ಅದನ್ನೇ ಓದುತ್ತ ಹಿಂದೆ ಬರುವವನ ಹೊಟ್ಟೆ ಏನಾಗಬೇಕು? ನನಗೂ ಇಬ್ಬರು ಗಂಡುಮಕ್ಕಳಿದ್ದಾರೆ. ನಾನು ಬಿದ್ದರೆ ಮೊದಲು ಸೈಕಲ್ಲಿಗೆ ಏನಾಯಿತು ಅಂತ ಕೇಳುವವರು.

ನೀನು ಹೋದ ಮೇಲೆ ಸವಿತಾ ಅದನ್ನು ನನ್ನ ಕೈಗಿಟ್ಟು, ಇನ್ನು ನೀವೇ ಹಾಕಿಕೊಳ್ಳಿ ಕಾಕಾ ಅಂದಳು. ತಲೆಗೆ ಸರಿಯಾಗಿಯೇ ಕೂತಿತು. ಆದರೆ ಹಿಂದಿನಿಂದ ಬಂದ ಹಾಲಿನವನು ಓದಿ, “ಯಾರ ಅಪ್ಪರೀ ನೀವು?” ಎಂದು ನಕ್ಕ. ಸತ್ತ ಮೇಲೂ ಅಪ್ಪ ನೀನೇ, ನಾನು ಹೊತ್ತು ತಿರುಗುವವ...

ಖಂಡೇನವಮಿಯ ದಿನ ಆಯುಧಪೂಜೆಗೆಂದು ಪಾನಾ, ಪಕ್ಕಡ ಎಲ್ಲ ಹತ್ಯಾರ ತೊಳೆಯುತ್ತಿದ್ದೆ. ಮಗ್ಗ ರಿಪೇರಿ ಮಾಡಿದ ಕೈಗಳ ಚಾಳಿ ನಿನಗೆ ಗೊತ್ತಲ್ಲ, ಕಲೆ ಕಂಡರೆ ಚಿಂದಿ ಅರಿವೆ ಮತ್ತು ಪೆಟ್ರೋಲ್. ನಿನ್ನ ಹೆಲ್ಮೆಟ್ಟನ್ನೂ ಹಾಗೇ ತಿಕ್ಕಿದೆ. ‘ಸಾವಕಾಶ’ ಬೇಗ ಹೋಯಿತು. ‘ಅಪ್ಪಾ’ ಹೋಗಲೊಲ್ಲದು. ಸಿಟ್ಟು ಬಂದು ಮೇಲಿಂದ ಮೇಲೆ ಸುರಿದೆ. ಗಾಳಿ ಕಿಂಡಿಗಳಿಂದ ಪೆಟ್ರೋಲ್ ಒಳಗಿಳಿದದ್ದು ಲಕ್ಷ್ಯಕ್ಕೆ ಬರಲಿಲ್ಲ. ಆಮೇಲೆ ವಿಭೂತಿ ಹಚ್ಚಿ ಪೂಜೆಗೂ ಇಟ್ಟೆ. ನಾಚಿಕೆ ಬೇಡವೇ ನನಗೆ?

ಹೋದ ವಾರ ಗದ್ದದ ಪಟ್ಟಿ ಸಡಿಲಾಗಿದೆಯೆಂದು ಸೈಕಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಒಳಗಿನ ಮೆತ್ತೆ ಎತ್ತಿ ನೋಡಿ, ಇದು ಮುಗಿಯಿತು, ಹೊಸದು ತಗೊಳ್ಳಿ ಎಂದ. ಬಿದ್ದಿಲ್ಲ, ಹೊರಗೆ ಒಂದು ಗೀರಿಲ್ಲ, ಮುದುಕನನ್ನು ಸುಲಿಯುತ್ತೀಯಾ ಎಂದು ಜಗಳ ತೆಗೆದೆ.

“ಮಾಮಾ, ತಲಿ ಉಳಸೂದು ಹೊರಗಿನ ಚಿಪ್ಪಲ್ಲ, ಒಳಗಿನ ಥರ್ಮಾಕೋಲ್. ಹೆಬ್ಬಟ್ಟಿಲೆ ಒತ್ತಿ ನೋಡ್ರಿ.”

ಒತ್ತಿದೆ. ಗೆದ್ದಲು ತಿಂದ ಕಟ್ಟಿಗೆಯ ಹಾಗೆ ಪುಡಿಪುಡಿ ಉದುರಿತು. ಹೊರಗಿಂದ ಮಾತ್ರ ಫಳಫಳ.

ಸವಿತಾಳಿಗೆ ಹೇಗೆ ಹೇಳುವುದು? ಅಪ್ಪನ ತಲೆಯ ಮೇಲಿದ್ದ ವಸ್ತು. ಇದನ್ನು ಕೇಳಿದರೆ ಮತ್ತೆ ಕಾಕಾ ಅಂತ ಕರೆದಾಳೇ? ಎರಡು ದಿನ ಸುಮ್ಮನಿದ್ದೆ. ಕೊನೆಗೆ ಫೋನ್ ಮಾಡಿ, ಅಳಿಸಿದ್ದು ನಾನೇ, ಹೊಟ್ಟೆಕಿಚ್ಚಿಗೇ ಅಳಿಸಿದೆ, ಪೆಟ್ರೋಲಿಗೆ ಒಳಗಿನ ಥರ್ಮಾಕೋಲೂ ಪುಡಿಯಾಗಿದೆ ಎಂದೆ. ಅವಳು ಅಂದಳು:

“ಅಕ್ಷರ ಹೋದ್ರ ಮತ್ತ ಬರೀಬಹುದು ಕಾಕಾ. ಅದನ್ನ ಹಾಕ್ಕೊಂಡು ಇಷ್ಟು ದಿನಾ ತಿರುಗೀರಿ. ಬಿದ್ದಿದ್ರ?”

ನನ್ನ ಮಕ್ಕಳು ಇದುವರೆಗೆ ಕೇಳದ ಪ್ರಶ್ನೆ.

ನಿನ್ನ ಹೆಲ್ಮೆಟ್ಟನ್ನು ಯಾರೂ ತಪ್ಪಿಯೂ ತಲೆಗಿಡದಂತೆ ಪಟ್ಟಿ ಕತ್ತರಿಸಿದ್ದೇನೆ. ನಿನ್ನೆ ಸವಿತಾ ತಾನೇ ಬಂದು ಹೊಸದು ಕೊಟ್ಟಳು, ಕೆಂಪನೆಯದು. ಹಿಂಬದಿಗೆ ಬಿಳಿ ಅಕ್ಷರ: ‘ಕಾಕಾ, ಸಾವಕಾಶ. ಪೆಟ್ರೋಲ್ ಹಚ್ಚಬ್ಯಾಡ್ರಿ.’

ನಿನ್ನದರಲ್ಲಿ ಎರಡೇ ಮಾತಿದ್ದವು, ಈರಪ್ಪಾ. ನಾಳೆಯಿಂದ ನಾನು ಮುಂದೆ. ನೀನು ಹಿಂದೆ ಬಾ, ಓದುತ್ತಾ ಬಾ.

ನಿನ್ನ,
ಕಲ್ಲಪ್ಪ