ನಂಬರಿಲ್ಲದ ಪ್ಲೇಟುಗಳು

ಜೂನ್ ೩, ಸೋಮವಾರ

ಬೆಳಗಿನ ಪಾಳಿ. ಡೈರಿಯ ಲ್ಯಾಬ್‌ನಲ್ಲಿ ಎಂದಿನಂತೆ ಹಾಲು, ಎಂದಿನಂತೆ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಪ್ಲೇಟು. ಟ್ಯಾಂಕರ್ ಡ್ರೈವರ್ ಕಿಟಕಿಯಲ್ಲಿ ಮುಖ ತೂರಿಸಿ, "ಏನ್ ಮೇಷ್ಟ್ರೇ, ನನ್ನ ಹಾಲು ಪಾಸಾ ಫೇಲಾ?" ಎಂದ. ಕೋರ್ಸಿಗೆ ಸೇರಿದಾಗಿನಿಂದ ನಾನು ಎಲ್ಲರಿಗೂ ಮೇಷ್ಟ್ರು. ಓದುವವನು ವಿದ್ಯಾರ್ಥಿ ಅಲ್ಲವೇ? ಕೇಳಲಿಲ್ಲ. ಕೇಳಿದರೆ ಇನ್ನೊಂದು ಹೆಸರಿಡುತ್ತಾರೆ.

ಮನೆಗೆ ಬಂದು ಕೋರ್ಸಿನ ಪೋರ್ಟಲ್ ತೆರೆದೆ. ಈ ಸೆಮಿಸ್ಟರ್ ಪ್ರಾಜೆಕ್ಟ್. ಕೆಲಸದಲ್ಲಿ ಇರುವವರಿಗೆಂದೇ ಮಾಡಿದ ಎಂ.ಎಸ್ಸಿ., ಅನ್ವಯಿಕ ಜೀವವಿಜ್ಞಾನ. ಡೈರಿಯಲ್ಲೇ ಮಾಡಬಹುದಂತೆ. ವಿಷಯ ನಮ್ಮಿಷ್ಟ, ವೇಳೆ ನಮ್ಮಿಷ್ಟ. ಅಲ್ಲೇ ಬಂತು ನೋಡು ತೊಂದರೆ. ನನ್ನಿಷ್ಟ ಏನೆಂದು ನನಗೆಲ್ಲಿ ಗೊತ್ತು? ಹೆಂಡತಿಯನ್ನು ಕೇಳಿದೆ.

"ನಾನು ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಎಣಿಸೋಳು. ನನ್ನ ಕೇಳ್ತೀರಲ್ಲ!"

"ಸುಮ್ನೆ ಒಂದು ಹೇಳೇ."

"ದಿನಾ ಊಟಕ್ಕೆ ಕೂತಾಗ ಆ ರಬ್ಬರ್ ರಿಂಗ್, ರಬ್ಬರ್ ರಿಂಗ್ ಅಂತ ಗೊಣಗ್ತೀರಲ್ಲ, ಅದನ್ನೇ ಮಾಡಿ."

ಅದೂ ಸರಿಯೇ. ಅಥವಾ ಸರಿಯಲ್ಲವೇ? ಪೈಪು ಪೈಪು ಕೂಡುವಲ್ಲಿ ಕೂರಿಸುವ ರಬ್ಬರ್ ರಿಂಗು. ತೊಳೆದ ಮೇಲೂ ಅದಕ್ಕೆ ಬ್ಯಾಕ್ಟೀರಿಯಾ ಅಂಟಿಕೊಂಡಿರುತ್ತದೆ. ಹಳೆಯ ರಿಂಗಿನಲ್ಲಿ ಎಷ್ಟು, ಈಚೆಗೆ ಕೂರಿಸಿದ ಹೊಸದರಲ್ಲಿ ಎಷ್ಟು... ಇದನ್ನು ಎಂ.ಎಸ್ಸಿ. ಎನ್ನುತ್ತಾರೆಯೇ?

ಜೂನ್ ೮, ಶನಿವಾರ

ಎನ್ನುತ್ತಾರಂತೆ. ಗೈಡ್ ಮೇಡಂ ಫೋನಿನಲ್ಲಿ, "ಚೆನ್ನಾಗಿದೆ, ಶುರು ಮಾಡಿ" ಎಂದರು. ಅಷ್ಟೇ. ಹೇಗೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಫೋನಿಟ್ಟ ಮೇಲೆ ಕೇಳಬೇಕಾದ್ದೆಲ್ಲ ಸಾಲಾಗಿ ನೆನಪಾಯಿತು.

ಮ್ಯಾನೇಜರ್ ಒಪ್ಪಿದರು. ಪ್ರತಿ ಮಂಗಳವಾರ ಪೈಪು ಬಿಚ್ಚಿ ತೊಳೆಯುವಾಗ ರಿಂಗುಗಳಿಂದ ಸ್ಯಾಂಪಲ್ ತೆಗೆದುಕೊಳ್ಳಬಹುದು. ಒಂದೇ ಷರತ್ತು.

"ನಿಮ್ಮ ಓದಿನ ಪ್ಲೇಟಿಗೆ ಕಂಪನಿಯ ಬ್ಯಾಚ್ ನಂಬರ್ ಹಾಕಬೇಡಿ ಮಾರಾಯ್ರೇ. ನಾಳೆ ಆಡಿಟ್‌ನವರು ಇದೇನು ಅಂದ್ರೆ ನನ್ನ ತಲೆಗೆ ಬರುತ್ತೆ."

ಆಗಲಿ ಸರ್ ಎಂದೆ. ಯಾರು ಏನು ಹೇಳಿದರೂ ನನ್ನ ಬಾಯಲ್ಲಿ ಮೊದಲು ಬರುವುದು ಅದೇ.

ಜೂನ್ ೧೮, ಮಂಗಳವಾರ

ಇವತ್ತು ಮಾಡಿದೆ! ಹಳೆಯ ರಿಂಗು, ಹೊಸ ರಿಂಗು, ಎಲ್ಲ ಹತ್ತಿಯಲ್ಲಿ ಒರೆಸಿ, ಅದನ್ನು ಪ್ಲೇಟಿಗೆ ಸವರಿ ಇನ್‌ಕ್ಯುಬೇಟರಿನ ಕೆಳಗಿನ ಖಾನೆಯಲ್ಲಿ ಇಟ್ಟೆ. ಮುಚ್ಚಳದ ಮೇಲೆ 'ಹ', 'ಹೊ' ಎಂದಷ್ಟೇ ಗುರುತು. ಲ್ಯಾಬಿನ ಕಿರಿಯಳು, ಎಲ್ಲರೂ ಚುರುಕಿ ಎಂದು ಕರೆಯುವವಳು, ಇಣುಕಿ ನೋಡಿದಳು.

"ಇದ್ಯಾಕೆ ಸರ್ ಇಷ್ಟೊಂದು? ಉತ್ತರ ಎಲ್ರಿಗೂ ಗೊತ್ತಿರೋದೇ ಅಲ್ವಾ, ಹಳೇ ರಬ್ಬರ್‌ನಲ್ಲೇ ಜಾಸ್ತಿ."

ಹೌದು, ನನಗೂ ಹಾಗೇ ಅನಿಸುತ್ತದೆ. ಹಾಗಾದರೆ ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ? ತಲೆ ಕೆಡುತ್ತದೆ. ಎರಡು ದಿನ ಬೆಚ್ಚಗಿದ್ದು ಬೆಳೆಯಬೇಕು. ಗುರುವಾರ ಎಣಿಕೆ.

ಜೂನ್ ೨೦, ಗುರುವಾರ, ಮಧ್ಯಾಹ್ನ

ಪ್ಲೇಟುಗಳಿಲ್ಲ.

ಕೆಳಗಿನ ಖಾನೆ ಖಾಲಿ. ಒರೆಸಿಟ್ಟ ಹಾಗೆ ಖಾಲಿ. ಬೆಳಿಗ್ಗೆ ಆಡಿಟ್‌ನವರು ಬರುತ್ತಾರೆಂದು ಇಡೀ ಲ್ಯಾಬ್ ಗಡಿಬಿಡಿ. ನಾನೂ ಓಡಾಡುತ್ತಿದ್ದೆ. ಅವರು ಹೋದ ಮೇಲೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಇದು.

ಚುರುಕಿಯನ್ನು ಕರೆದೆ. ದನಿ ಏರಿತು. ನಾನು ಯಾರ ಮೇಲೂ ದನಿ ಏರಿಸಿದವನಲ್ಲ.

"ಯಾರ್ ತೆಗೆದಿದ್ದು? ಅದು ನನ್ನ ಪ್ಲೇಟು ಅಂತ ಗೊತ್ತಿರಲಿಲ್ವಾ?"

ಅವಳು ಪಿಳಿಪಿಳಿ ಕಣ್ಣು ಬಿಟ್ಟಳು. "ಸರ್, ನೀವೇ ಹೇಳಿದ್ರಲ್ಲ."

"ನಾನಾ?"

"ಬೆಳಿಗ್ಗೆ ಬಾಗಿಲು ತೆಗೆದು ಕೇಳಿದೆ, ಕೆಳಗಿನ ನಿಮ್ಮ ಪ್ಲೇಟಿಗೆ ನಂಬರೇ ಇಲ್ಲ ಏನ್ ಮಾಡ್ಲಿ ಅಂತ. ನೀವು ಈ ಕಡೆ ತಿರುಗದೇನೇ, 'ನಂಬರಿಲ್ಲದ್ದು ಯಾವ್ದೇ ಇರ್ಲಿ, ಬೇಯ್ಸಿ ಬಿಸಾಕು' ಅಂದ್ರಿ. ನಿಮ್ಮ ರೂಲ್ ತಾನೇ ಅದು?"

ನನ್ನದೇ ರೂಲು. ಹೊಸಬರು ಬಂದ ಮೊದಲ ದಿನವೇ ನಾನು ಕಲಿಸುವುದು ಅದು: ನಂಬರಿಲ್ಲದ್ದನ್ನು ಇಡಬಾರದು, ಬ್ಯಾಕ್ಟೀರಿಯಾ ಬೇಯಿಸಿ ಕೊಂದೇ ಬಿಸಾಡಬೇಕು. ಆದರೆ ಹೇಳಿದ ನೆನಪಿಲ್ಲ. ಎಷ್ಟು ತಿಣುಕಿದರೂ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಹಾಗಾದರೆ ಹೇಳಿದವನು ಯಾರು? ಡೈರಿಯ ನಾನು, ಓದುವ ನಾನು—ಇಬ್ಬರಿಗೂ ಪರಿಚಯವೇ ಇಲ್ಲವೇ?

ಅವಳ ಕ್ಷಮೆ ಕೇಳಬೇಕಿತ್ತು. "ಆಗಲಿ" ಎಂದೆ.

ಜೂನ್ ೨೧, ಶುಕ್ರವಾರ

ಹೆಂಡತಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನುಂಗಿದಳು.

"ಸದ್ಯಕ್ಕೆ ಬಿಟ್ಬಿಡಿ. ಮುಂದಿನ ಸೆಮಿಸ್ಟರ್‌ಗೆ ಮಾಡಿದ್ರಾಯ್ತು. ಕನ್ನಡಿ ನೋಡ್ಕೊಂಡಿದೀರಾ? ಕಣ್ಣು ಗುಳಿ ಬಿದ್ದಿದೆ."

ಸದ್ಯಕ್ಕೆ. ಅಪ್ಪ ಹಾಸಿಗೆ ಹಿಡಿದಾಗ ಚಿಕ್ಕಪ್ಪ ಅಂದದ್ದೂ ಅದೇ, ಕಾಲೇಜು ಸದ್ಯಕ್ಕೆ ಬಿಡು. ಆ ಸದ್ಯಕ್ಕೆ ಮುಗಿಯಲು ಹನ್ನೊಂದು ವರ್ಷ ಹಿಡಿಯಿತು. ಅಂಚೆ ಪಾಠದ ಡಿಗ್ರಿಯೂ ನಡುವೆ ಒಮ್ಮೆ ಸದ್ಯಕ್ಕೆ ನಿಂತಿತ್ತು. ಈ ಸಲ ನಿಂತರೆ ಮತ್ತೆ ಏಳುವುದಿಲ್ಲ. ನನ್ನನ್ನು ನಾನು ಬಲ್ಲೆ. ಅವಳಿಗೆ ಹೇಗೆ ಹೇಳಲಿ? ಹೇಳಿದರೆ ಹೆದರುತ್ತಾಳೆ.

ಜೂನ್ ೨೩, ಭಾನುವಾರ

ಚುರುಕಿಯ ಮೆಸೇಜು. 'ಸರ್, ಅಂದಾಜಿಗೆ ಬರೆದುಬಿಡಿ. ಹಳೇದಕ್ಕೆ ಜಾಸ್ತಿ, ಹೊಸದಕ್ಕೆ ಕಮ್ಮಿ. ಯಾರು ಬಂದು ಎಣಿಸ್ತಾರೆ?' ಪಾಪ, ತನ್ನಿಂದಾಯಿತು ಎಂಬ ಸಂಕಟ ಅವಳಿಗೆ.

ಹಾಳೆ ತೆಗೆದು ಕೂತೆ. ಸುಲಭ. ಇಷ್ಟು ವರ್ಷ ಪ್ಲೇಟು ನೋಡಿದವನು, ನಿಜವಾಗಿ ಬಂದ ಹಾಗೆಯೇ ಕಾಣುವ ಅಂಕಿ ಬರೆಯಬಲ್ಲೆ. ನಾಲ್ಕು ಬರೆದೆ. ಎಷ್ಟು ಚೆನ್ನಾಗಿ ಬಂದವು ಎಂದರೆ ಹೆದರಿಕೆಯಾಯಿತು. ಹರಿದೆ. ಮತ್ತೆ ತುಂಡು ಜೋಡಿಸಿ ನೋಡಿದೆ. ನನಗೇನಾಗಿದೆ?

ಬರುವ ಮಂಗಳವಾರ ಮತ್ತೆ ಸ್ಯಾಂಪಲ್ ತೆಗೆಯಬಹುದು. ಮ್ಯಾನೇಜರನ್ನು ಕೇಳಬೇಕು. ನಾಳೆ ಕೇಳುತ್ತೇನೆ.

ಜೂನ್ ೨೫, ಮಂಗಳವಾರ

ಕೇಳಲಿಲ್ಲ. ಅವರ ಕೋಣೆಯ ಬಾಗಿಲ ತನಕ ಹೋದೆ. "ಏನ್ರೀ?" ಎಂದರು. "ಏನಿಲ್ಲ ಸರ್, ಫ್ಯಾನ್ ಸದ್ದು ಮಾಡ್ತಿದೆ ಅನಿಸ್ತು" ಎಂದೆ. ಫ್ಯಾನ್ ತಿರುಗುತ್ತಲೇ ಇರಲಿಲ್ಲ.

ಪೈಪು ಬಿಚ್ಚಿದರು, ತೊಳೆದರು, ಮತ್ತೆ ಕೂಡಿಸಿದರು. ನಾನು ನೋಡುತ್ತಾ ನಿಂತಿದ್ದೆ. ಇನ್ನುಳಿದದ್ದು ಒಂದೇ ಮಂಗಳವಾರ. ಮುಂದಿನ ಸೋಮವಾರವಲ್ಲ, ಅದರಾಚೆಯ ಸೋಮವಾರ ವರದಿ ಸಲ್ಲಿಸಬೇಕು.

ಜೂನ್ ೨೯, ಶನಿವಾರ

ಗೈಡ್ ಮೇಡಂ ತಾವೇ ಫೋನ್ ಮಾಡಿದರು.

"ಎಲ್ಲಿಗೆ ಬಂತು?"

ಹೇಳಿಬಿಟ್ಟೆ. ನಂಬರು, ಆಡಿಟ್ಟು, ಬೇಯಿಸಿ ಬಿಸಾಕಿದ್ದು, ಹೇಳಿದ ನೆನಪಿಲ್ಲದ್ದು, ಫ್ಯಾನಿನ ವಿಷಯವೂ ಸೇರಿ. ಒಂದೇ ಉಸಿರಿಗೆ. ಆ ಕಡೆ ಕೆಮ್ಮೋ ನಗುವೋ ತಿಳಿಯದ ಸದ್ದು.

"ನಿಮ್ಮ ಬ್ಯಾಚ್‌ನಲ್ಲಿ ಆಸ್ಪತ್ರೆಯವರೊಬ್ರು ಹೀಗೇ ತಮ್ಮ ಸ್ಯಾಂಪಲ್ ತಾವೇ ಡ್ರೈನಿಗೆ ಸುರಿದಿದ್ದಾರೆ. ಕೈಗೆ ರೂಢಿ ಅಲ್ವಾ. ಈಗೇನು ಮಾಡ್ತೀರಿ? ಬೇಕಾದ್ರೆ ಈ ಸೆಮಿಸ್ಟರ್ ಬಿಡಬಹುದು. ದಂಡ ಗಿಂಡ ಏನಿಲ್ಲ. ನಮ್ಮಲ್ಲಿ ಬಿಡೋದೂ ಫ್ಲೆಕ್ಸಿಬಲ್."

ಆಗಲಿ ಮೇಡಂ—ನಾಲಿಗೆಯ ತುದಿಗೆ ಬಂದಿತ್ತು. ಹೇಗೆ ತಡೆದೆನೋ.

"ಬಿಡಲ್ಲ ಮೇಡಂ. ಬಿಟ್ರೆ ನಾನು ವಾಪಸ್ ಬರಲ್ಲ."

"ಸರಿ. ಹಾಗಾದ್ರೆ ಇರೋ ಒಂದು ಮಂಗಳವಾರದಲ್ಲಿ ಎಷ್ಟಾಗುತ್ತೋ ಅಷ್ಟು. ಕಡಿಮೆ ಇದ್ರೂ ಪರವಾಗಿಲ್ಲ, ಎಣಿಸಿದ್ದೇ ಇರಲಿ."

ಅವರು ಇಟ್ಟ ಮೇಲೂ ಫೋನು ಕಿವಿಗೇ ಹಿಡಿದುಕೊಂಡಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. "ವಾಪಸ್ ಬರಲ್ಲ ಅಂತ ನನಗ್ಯಾಕೆ ಹೇಳ್ಲಿಲ್ಲ?" ಎಂದಳು. ತಲೆಗೆ ಎಣ್ಣೆ ಹಚ್ಚಿದಳು, ಒರಟಾಗಿ.

ಜುಲೈ ೨, ಮಂಗಳವಾರ

ಮ್ಯಾನೇಜರನ್ನು ಕೇಳಿದೆ. "ಇದಕ್ಕೇ ಅವತ್ತು ಫ್ಯಾನ್ ನೋಡೋಕೆ ಬಂದಿದ್ದಾ?" ಎಂದರು. ಲ್ಯಾಬಿಗೆಲ್ಲ ಗೊತ್ತಾಗಿದೆ. ಗೊತ್ತಾಗಲಿ.

ಸಮಯ ಕಡಿಮೆ ಇತ್ತು. ಅರ್ಧದಷ್ಟು ರಿಂಗುಗಳಷ್ಟೇ ಸಿಕ್ಕವು. ಚುರುಕಿ ಊಟ ಬಿಟ್ಟು ಪ್ಲೇಟು ಹಿಡಿದುಕೊಟ್ಟಳು. ಕ್ಷಮಿಸಮ್ಮ ಎಂದೆ. "ಯಾವುದಕ್ಕೆ ಸರ್?" ಎಂದಳು. ನಿಜವಾಗಿ ಮರೆತಿದ್ದಳೋ, ನಾಟಕವೋ. ಈ ಸಲ ಇನ್‌ಕ್ಯುಬೇಟರಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದೆ. ನನ್ನನ್ನೇ ನಂಬಲಾಗದ ಮೇಲೆ ಆ ಕೀಲಿ ನನ್ನ ಬಳಿ ಇದ್ದರೇನು ಬಂತು ಎಂದು ದಾರಿಯಲ್ಲಿ ಅನಿಸಿ, ತಿರುಗಿ ಹೋಗಿ ಅವಳಿಗೇ ಕೊಟ್ಟು ಬಂದೆ.

ಜುಲೈ ೪, ಗುರುವಾರ, ಸಂಜೆ

ಎಣಿಸಿದೆ. ಏನೋ ತಪ್ಪಾಗಿದೆ.

ಹೊಸ ರಿಂಗಿನಲ್ಲೇ ಜಾಸ್ತಿ. ಒಂದೆರಡು ಪ್ಲೇಟಲ್ಲ, ಎಲ್ಲದರಲ್ಲೂ. ಗುರುತು ಅದಲುಬದಲು ಮಾಡಿದೆನೇ? ಚುರುಕಿಗೆ ಮುಚ್ಚಳ ತೋರಿಸದೆ ಎಣಿಸಲು ಹೇಳಿದೆ. ಅವಳಿಗೂ ಅಷ್ಟೇ ಬಂತು. "ಇದೇನ್ ಸರ್ ಉಲ್ಟಾ!" ಎಂದು ಸ್ಟೂಲಿನ ಮೇಲೆ ಕೂತೇಬಿಟ್ಟಳು. ಅಂದಾಜಿಗೆ ಬರೆದಿದ್ದರೆ ತಲೆಕೆಳಗು ಬರೆದು ಕಳಿಸಿರುತ್ತಿದ್ದೆ, ಚೊಕ್ಕವಾಗಿ, ನಾಲ್ಕು ಕಡೆ ಸಹಿ ಹಾಕಿ.

ಮೇಡಂಗೆ ಫೋನ್ ಮಾಡಿದೆ. "ಯಾಕೆ ಹಾಗೆ?" ಎಂದರು.

"ಗೊತ್ತಿಲ್ಲ ಮೇಡಂ."

"ರಿಂಗು ನಿಮ್ಮ ಹತ್ರ ಇದೆ, ನನ್ನ ಹತ್ರ ಇಲ್ಲ. ನೋಡಿ ಹೇಳಿ."

ಮ್ಯಾನೇಜರನ್ನು ಕೇಳಿ ಸ್ಟೋರಿನಿಂದ ಎರಡೂ ಬಗೆಯದು ಒಂದೊಂದು ಮನೆಗೆ ತಂದಿದ್ದೇನೆ. ಅಡುಗೆಮನೆಯ ದೀಪದ ಕೆಳಗೆ ಇಟ್ಟುಕೊಂಡು ಕೂತಿದ್ದೇನೆ. ಹೆಂಡತಿ, "ಬಳೆ ತಂದ್ರಾ ಅಂದ್ಕೊಂಡೆ" ಎಂದು ಹೋದಳು. ನೋಡಲು ಹೊಸದು ನುಣುಪಾಗಿದೆ, ಹೊಳೆಯುತ್ತದೆ. ಹಳೆಯದು ಮಂಕು. ಮತ್ತೆ ಯಾಕೆ?

ಕಣ್ಣು ಮುಚ್ಚಿ ಬೆರಳಾಡಿಸಿದೆ. ಹೊಸದರ ಒಳ ಅಂಚಿನಲ್ಲಿ ಸುತ್ತಲೂ ಒಂದು ಸಣ್ಣ ಏಣು, ಎದ್ದ ಗೆರೆಯ ಹಾಗೆ. ಅಚ್ಚಿನಿಂದ ತೆಗೆಯುವಾಗ ಉಳಿದದ್ದಿರಬೇಕು. ಕಣ್ಣಿಗೆ ಕಾಣದು, ಉಗುರಿಗೆ ಸಿಗುತ್ತದೆ. ಹಳೆಯದರಲ್ಲೂ ಇದ್ದಿರಬೇಕಲ್ಲ, ಆದರೆ ಅದರಲ್ಲಿ ಉಜ್ಜಿ ಉಜ್ಜಿ ಸವೆದು ಹೋಗಿದೆ. ತೊಳೆದ ಮೇಲೂ ಬ್ಯಾಕ್ಟೀರಿಯಾ ಅಡಗಿ ಉಳಿಯುವುದು ಈ ಏಣಿನ ಬುಡದಲ್ಲೇ!